ಪುಣೆ ಚಳಿಗೆ ಮೂರು ಗ್ರೀನ್ ಕೆಟ್ಟಾವ: ಚಳಿಗಾಲದ ತಯಾರಿಯಾಗ ಎಲ್ಲಿ ತಪ್ಪಿದೆ?

ಕರಕಿ_ವಿಜಾಪುರ | 14 ಡಿಸೆಂಬರ್, ಬೆಳಿಗ್ಗೆ 10:20

ನಮಸ್ಕಾರ್ರಿ ಎಲ್ಲರಿಗೂ. ಪುಣೆ ಹೊರವಲಯದಾಗ 9 ಹೋಲಿನ ಒಂದು ಗಾಲ್ಫ್ ಕೋರ್ಸ್ ಅದ. ಮೆಂಬರ್ ಆಗಬೇಕಂತಿಲ್ಲ, ರೊಕ್ಕ ಕೊಟ್ಟು ಯಾರು ಬೇಕಾದ್ರೂ ಆಡಬಹುದು. ಅಲ್ಲಿ ಹುಲ್ಲಿನ ಉಸ್ತುವಾರಿ ನಂದು, ಜೊತಿಗೆ ಆರು ಮಂದಿ ಮಾಳಿಗಳು. ಇದು ನನ್ನ ಎರಡನೇ ಚಳಿಗಾಲ. ಊರಾಗ ಹೊಲದಾಗಿನ ಕರಕಿ ಕಿತ್ತು ಬೆಳೆದಾಂವ ನಾನು, ಇಲ್ಲಿ ಅದೇ ಕರಕಿ ಉಳಿಸಬೇಕಂತ ರಾತ್ರಿ ನಿದ್ದಿ ಹತ್ತವಲ್ದು.

ಗ್ರೀನ್ ಅಂದ್ರ ಚೆಂಡು ಬೀಳೋ ಕುಳಿ ಸುತ್ತಲಿನ ನುಣ್ಣಗ ಕತ್ತರಿಸಿದ ಜಾಗ, ಅದರ ಮ್ಯಾಲ ಟಿಫ್‌ಡ್ವಾರ್ಫ್ ಅನ್ನೋ ಕರಕಿ ತಳಿ. ಅಲ್ಲಿತನಕ ಚೆಂಡು ಹೊಡಕೊಂಡು ಹೋಗೋ ಬಯಲು, ಅಂದ್ರ ಫೇರ್‌ವೇದಾಗ ಸಾದಾ ಕರಕಿ. ನವೆಂಬರ್ ಕೊನೆ ವಾರದಿಂದ 2 ಮತ್ತು 5ನೇ ಗ್ರೀನ್ ಮ್ಯಾಲ ಒಣ ಹುಲ್ಲಿನ ಬಣ್ಣದ ಚಿಕ್ಕಿ ಎದ್ದಾವ. ಮೊದಲು ಐದು ರೂಪಾಯಿ ನಾಣ್ಯದಷ್ಟಿದ್ದವು, ಈಗ ಒಂದಕ್ಕೊಂದು ಕೂಡಿ ಅಂಗೈಯಷ್ಟಾಗ್ಯಾವ. 8ನೇ ಗ್ರೀನಿನಾಗ ಚಿಕ್ಕಿ ಇಲ್ಲ, ಆದ್ರ ಹುಲ್ಲು ಪೂರಾ ತೆಳ್ಳಗಾಗಿ ಮಣ್ಣು ಕಾಣಾಕತ್ತದ. ಉಳಿದ ಆರು ಚಲೋ ಅವ.

ನಾ ಮಾಡಿದ್ದು: ಇಂಟರ್ನೆಟ್‌ದಾಗ ಸಿಕ್ಕ ಚಳಿಗಾಲದ ತಯಾರಿಯ ಒಂದು ಪಟ್ಟಿ ಹಿಡಿದು ಅಕ್ಟೋಬರ್ ಮೊದಲ ವಾರದಿಂದ ಸಾರಜನಕ ಪೂರ್ತಿ ಬಂದ್ ಮಾಡಿದೆ. ಪೊಟ್ಯಾಷ್ ಎರಡು ಸಲ ಕೊಟ್ಟೆ. ಕತ್ತರಿಸೋ ಎತ್ತರ 3.5 ಮಿ.ಮೀ.ಯಿಂದ 4.5ಕ್ಕ ಏರಿಸೀನಿ. ಅದೇ ಪಟ್ಟಿಯಾಗ ನೀರಿನ ಪೈಪಿನೊಳಗ ಕಂಪ್ರೆಸರ್ ಗಾಳಿ ಹೊಡೆದು ಖಾಲಿ ಮಾಡಬೇಕಂತ ಬರೆದದ. ಅದು ಬೇಕೇನು? ಕೋರಿಂಗ್ ಮಷೀನ್ (ನೆಲಕ್ಕ ತೂತು ಕೊರೆದು ಮಣ್ಣು ತೆಗೆಯೋದು) ಜನವರಿಯಾಗ ಬಾಡಿಗೆಗೆ ಸಿಗ್ತದ, ಆವಾಗೇ ಮುಗಿಸಿಬಿಡ್ರಿ ಅಂತ ಆಫೀಸಿನವರು ಹೇಳಾಕತ್ತಾರ. ಅದಕ್ಕೇನು ಹೇಳಲಿ?

ಚೆಂಬೂರಿನ_ಹುಲ್ಲುಗಾರ | 14 ಡಿಸೆಂಬರ್, ಮಧ್ಯಾಹ್ನ 1:05

ಮೊದಲು ಕಂಪ್ರೆಸರಿನವನಿಗೆ ಬೇಡ ಅಂತ ಫೋನ್ ಮಾಡಿ ಮಾರಾಯ್ರೆ. ನೆಲ ಹೆಪ್ಪುಗಟ್ಟುವ ದೇಶದಲ್ಲಿ ಪೈಪಿನ ನೀರು ಮಂಜುಗಡ್ಡೆಯಾಗಿ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಪೈಪು ಒಡೆಯುತ್ತದೆ. ಅದಕ್ಕೆ ಅವರು ಗಾಳಿ ಹೊಡೆದು ನೀರು ಖಾಲಿ ಮಾಡುವುದು. ಪುಣೆಯಲ್ಲಿ ಎಂಥ ಚಳಿ ಬಿದ್ದರೂ ಪೈಪಿನೊಳಗೆ ನೀರು ಗಟ್ಟಿಯಾಗುವುದುಂಟಾ? ಹಿಮದ ಕೆಳಗೆ ಬರುವ ಬೂಷ್ಟಿನ ಮದ್ದು, ಗ್ರೀನ್ ಮೇಲೆ ಹೊದಿಸುವ ಹೊದಿಕೆ, ಇವೂ ನಿಮಗಲ್ಲ.

ನಾನು ಮುಂಬೈಯಲ್ಲಿ ಇದೇ ಕೆಲಸ ಮಾಡಿ ನಿವೃತ್ತನಾದವ. ನಮ್ಮ ಘಟ್ಟದ ಆಚೀಚೆ ಕೋರ್ಸು ಮಲಗುವುದು ಜೂನ್‌ನಿಂದ ಸೆಪ್ಟೆಂಬರ್ ತನಕ, ಮಳೆಗೆ. ಡಿಸೆಂಬರ್ ಅಂದರೆ ಆಟಗಾರರು ತುಂಬಿ ತುಳುಕುವ ತಿಂಗಳು. ಆ ಪಟ್ಟಿ ಬರೆದವರಿಗೆ ಚಳಿಗಾಲದಲ್ಲಿ ಗೇಟಿಗೆ ಬೀಗ, ನಿಮಗೆ ದಿನಕ್ಕೆ ನೂರು ಜೋಡಿ ಕಾಲು. ಹುಲ್ಲಿಗೆ ಊಟ ನಿಲ್ಲಿಸಿ ತುಳಿಸಿದರೆ ಅದು ಹೇಗೆ ತಡೆದೀತು?

ಕಾಯಿಲೆ ಏನು ಅಂತ ನಾನು ಈಗಲೇ ಹೇಳುವುದಿಲ್ಲ. ನಾಳೆ ಬೆಳಿಗ್ಗೆ ಆರೂವರೆಗೆ, ಯಾರೂ ಕಾಲಿಡುವ ಮೊದಲು, 2ನೇ ಗ್ರೀನಿಗೆ ಹೋಗಿ ಕುಕ್ಕರಗಾಲಲ್ಲಿ ಕೂತು ನೋಡಿ. ಚಿಕ್ಕೆಯ ಮೇಲೆ ಜೇಡರ ಬಲೆ ಹಾಗೆ ಬಿಳಿ ನೂಲು ಉಂಟಾ? ಚಿಕ್ಕೆಯ ಅಂಚಿನ ಎಲೆ ಒಂದು ಕಿತ್ತು ಬಿಸಿಲಿಗೆ ಹಿಡಿಯಿರಿ. ನೀರು ಬಿಡುವುದು ಎಷ್ಟು ಗಂಟೆಗೆ? 8ನೇ ಗ್ರೀನಿಗೆ ಬಿಸಿಲು ಬೀಳುವುದು ಎಷ್ಟು ಗಂಟೆಗೆ, ಮರ ಯಾವ ದಿಕ್ಕಿಗಿದೆ? ಈ ನಾಲ್ಕಕ್ಕೆ ಉತ್ತರ ಬರಲಿ.

ಬ್ಲೇಡ್_ಪಿಂಪ್ರಿ | 14 ಡಿಸೆಂಬರ್, ರಾತ್ರಿ 9:40

ನನಗೆ ಹುಲ್ಲಿನ ಬಗ್ಗೆ ಗೊತ್ತಿಲ್ಲ, ಮಷೀನ್ ಗೊತ್ತು. ಗ್ರೀನ್ ಕತ್ತರಿಸುವ ರೀಲ್ ಮೋವರಿನಲ್ಲಿ ಉರುಳೆಯ ಬ್ಲೇಡು ಮತ್ತು ಕೆಳಗಿನ ಅಡ್ಡಪಟ್ಟಿ ಎರಡೂ ಕತ್ತರಿಯ ಎರಡು ಅಲಗಿನ ಹಾಗೆ ಸೇರಬೇಕು. ಪ್ಲಗ್ ವೈರ್ ಕಿತ್ತಿಟ್ಟು, ಸುದ್ದಿಪತ್ರಿಕೆಯ ಪಟ್ಟಿಯೊಂದನ್ನು ಮಧ್ಯೆ ತೂರಿಸಿ ಉರುಳೆಯನ್ನು ಎಚ್ಚರದಿಂದ ಕೈಯಲ್ಲಿ ತಿರುಗಿಸಿ. ಎಡ, ನಡು, ಬಲ ಮೂರೂ ಕಡೆ ಕಾಗದ ಸಲೀಸಾಗಿ ತುಂಡಾಗಬೇಕು. ಮಡಚಿಕೊಂಡು ಒಳಗೆ ಹೋದರೆ ನಿಮ್ಮ ಹುಲ್ಲು ಕತ್ತರಿಸಿಲ್ಲ, ಹರಿದಿದೆ. ಹರಿದ ತುದಿ ಒಣಗಿ ಬಿಳಿಯಾಗುತ್ತದೆ, ರೋಗಕ್ಕೂ ಬಾಗಿಲು ತೆರೆದ ಹಾಗೆ.

ಕರಕಿ_ವಿಜಾಪುರ | 15 ಡಿಸೆಂಬರ್, ಬೆಳಿಗ್ಗೆ 11:15

ನೋಡಿದ್ನಿರಿ. ಬಿಳಿ ನೂಲು ಅದ! ಹತ್ತಿ ಎಳೆ ಹರವಿದಂಗ ಕಾಣ್ತಿತ್ತು, ಬಿಸಿಲು ಏರಿದ ಮ್ಯಾಲ ಮಾಯ. ನಾ ದಿನಾ ಒಂಬತ್ತಕ್ಕ ಹೋಗ್ತಿದ್ದೆ, ಹಿಂಗಾಗಿ ಒಂದು ಸಲನೂ ಕಣ್ಣಿಗೆ ಬಿದ್ದಿರಲಿಲ್ಲ. ಎಲಿ ನಡುವ ಒಣಗಿ ಬೆಳ್ಳಗಾಗೇದ, ಮ್ಯಾಲೂ ಕೆಳಗೂ ಹಸಿರ. ಒಣಗಿದ ಭಾಗದ ಅಂಚಿಗೆ ಕಂದು ಗೆರಿ.

ನೀರು: ಒಂದೇ ಪಂಪು, ಎಲ್ಲಾ ಲೈನಿಗೂ ಒಮ್ಮೆಲೇ ಒತ್ತಡ ಸಾಲೂದಿಲ್ಲ. 2 ಮತ್ತು 5ಕ್ಕ ರಾತ್ರಿ 9ಕ್ಕ, ಉಳಿದವಕ್ಕ ಬೆಳಗಿನ ಜಾವ. ಇವೆರಡೂ ನಾಲಾ ಪಕ್ಕದ ತಗ್ಗಿನಾಗ ಅವ, ಮಂಜು ಕೂಡೋದು ಅಲ್ಲೇ. ಒಂಬತ್ತೂವರೆ ತನಕ ಇಬ್ಬನಿ ಆರೂದಿಲ್ಲ.

8ನೇ ಗ್ರೀನಿನ ಆಗ್ನೇಯಕ್ಕ ಮೂರು ದೊಡ್ಡ ಮಳೆಮರ, ಸುಮಾರು 15 ಮೀಟರ್ ಎತ್ತರ. ಬಿಸಿಲು ಬೀಳೋದು ಹನ್ನೊಂದರ ಮ್ಯಾಲ. ಆದ್ರ ಮೇ ತಿಂಗಳಾಗ ಇದೇ ಗ್ರೀನು ಎಲ್ಲಕ್ಕಿಂತ ಚಲೋ ಇತ್ತು. ಮರ ಆವಾಗೂ ಅಲ್ಲೇ ಇದ್ವಲ್ಲರಿ?

ಮತ್ತ ಬ್ಲೇಡ್ ಅಣ್ಣಾರ, ಕಾಗದ ಬಲಕ್ಕ ತುಂಡಾಗ್ತದ, ಎಡಕ್ಕ ಮಡಚ್ತದ.

ಮಣ್ಣು_ಧಾರವಾಡ | 15 ಡಿಸೆಂಬರ್, ಸಂಜೆ 6:30

2 ಮತ್ತು 5ರಲ್ಲಿ ಇರುವುದು ಡಾಲರ್ ಸ್ಪಾಟ್ ಎಂಬ ಶಿಲೀಂಧ್ರ ರೋಗ. ನಾಣ್ಯದ ಗಾತ್ರದ ಚಿಕ್ಕೆ, ಮುಂಜಾನೆಯ ನೂಲು, ನಡು ಒಣಗಿ ಕಂದು ಅಂಚು ಮೂಡಿದ ಎಲೆ, ಮೂರೂ ಗುರುತು ಕೂಡಿ ಬಂದಿವೆ. ಹಳೆಯ ಪುಸ್ತಕಗಳಲ್ಲಿ ಇದರ ಹೆಸರು ಸ್ಕ್ಲೆರೋಟಿನಿಯಾ ಅಂತಿರುತ್ತದೆ. 2018ರಲ್ಲಿ ಈ ಶಿಲೀಂಧ್ರವನ್ನು ಕ್ಲಾರೀಡಿಯಾ ಅನ್ನುವ ಬೇರೆ ಕುಲಕ್ಕೆ ಸೇರಿಸಿದರು. ಹುಡುಕುವಾಗ ಎರಡೂ ಹೆಸರು ಹಾಕಿ.

ಇದಕ್ಕೆ ಬೇಕಾದ್ದು ಎರಡು: 15ರಿಂದ 30 ಡಿಗ್ರಿ ಹವೆ, ಮತ್ತು ಬಹಳ ಹೊತ್ತು ಒದ್ದೆಯಾಗಿರುವ ಎಲೆ. ಹವೆಯನ್ನು ಪುಣೆಯ ಡಿಸೆಂಬರ್ ಕೊಟ್ಟಿದೆ. ಒದ್ದೆಯನ್ನು ನಿಮ್ಮ ಟೈಮರ್ ಕೊಟ್ಟಿದೆ. ರಾತ್ರಿ 9ಕ್ಕೆ ನೀರು, ಅದರ ಮೇಲೆ ಇಬ್ಬನಿ, ಬೆಳಿಗ್ಗೆ 9:30ರವರೆಗೆ ಆರದ ಎಲೆ: ದಿನವೂ ಹನ್ನೆರಡು ತಾಸಿನ ಮೇಲಾಯಿತು. ಸಾರಜನಕ ಇಲ್ಲದ ಹುಲ್ಲು ಬೇಗ ಬೆಳೆದು ರೋಗದ ಎಲೆಯನ್ನು ಕತ್ತರಿಗೆ ಕೊಟ್ಟುಬಿಡಲಾರದು. ಉಪವಾಸವಿದ್ದದ್ದು ಒಂಬತ್ತೂ ಗ್ರೀನ್, ಆದರೆ ರಾತ್ರಿಯಿಡೀ ಒದ್ದೆ ಇದ್ದದ್ದು ಎರಡೇ. ಹಾಗಾಗಿ ರೋಗ ಆ ಎರಡಕ್ಕೆ. ಪೊಟ್ಯಾಷ್‌ನಿಂದ ಕೇಡಾಗಿಲ್ಲ, ಆದರೆ ಅದು ಸಾರಜನಕದ ಜಾಗ ತುಂಬುವುದಿಲ್ಲ.

ಮಾಡಬೇಕಾದ್ದು ಹೇಳುತ್ತೇನೆ. ಟೈಮರನ್ನು ಇವತ್ತೇ ಬೆಳಗಿನ 4ರ ನಂತರಕ್ಕೆ ಬದಲಿಸಿ. ಸೂರ್ಯ ಹುಟ್ಟುವ ಹೊತ್ತಿಗೆ ಇಬ್ಬರು ಮಾಳಿಗಳು ಉದ್ದ ಹಗ್ಗದ ಎರಡು ತುದಿ ಹಿಡಿದು ಗ್ರೀನ್ ಮೇಲೆ ಎಳೆದುಕೊಂಡು ನಡೆಯಲಿ. ಹನಿ ಉದುರಿದರೆ ಎಲೆ ಬೇಗ ಆರುತ್ತದೆ. ಗೊಬ್ಬರ ಚಮಚದಲ್ಲಿ ಉಣಿಸಿದಷ್ಟೇ: ಚದರ ಮೀಟರಿಗೆ ಅರ್ಧ ಗ್ರಾಂ ಸಾರಜನಕ. 400 ಚದರ ಮೀಟರ್ ಗ್ರೀನ್ ಅಂದುಕೊಂಡರೆ ಸುಮಾರು 1 ಕೆ.ಜಿ. ಅಮೋನಿಯಂ ಸಲ್ಫೇಟ್. 40 ಲೀಟರ್ ನೀರಿನಲ್ಲಿ ಕರಗಿಸಿ ಸಮನಾಗಿ ಸಿಂಪಡಿಸಿ, ಕೂಡಲೇ ತೆಳುವಾಗಿ ನೀರು ಹಾಯಿಸಿ, ಇಲ್ಲದಿದ್ದರೆ ಎಲೆ ಸುಡುತ್ತದೆ. ಹತ್ತು ದಿನಕ್ಕೊಮ್ಮೆ ಸಾಕು. ತಣ್ಣಗಿನ ಮಣ್ಣಿನಲ್ಲಿ ಯೂರಿಯಾ ನಿಧಾನ, ಅದಕ್ಕೇ ಸಲ್ಫೇಟ್ ಹೇಳಿದೆ.

ಬಣ್ಣ ಬೇಗ ಬರಬೇಕೆಂದರೆ ಬೇರೆ ದಿನ ಫೆರಸ್ ಸಲ್ಫೇಟ್, ಗ್ರೀನ್ ಒಂದಕ್ಕೆ 400 ಗ್ರಾಂ, ಎಲೆಯ ಮೇಲೆ. ಇದನ್ನು ತೊಳೆಯಬೇಡಿ. ಕ್ಷಾರದ ಎರೆಮಣ್ಣಿಗೆ ಕಬ್ಬಿಣ ಸುರಿದರೆ ಅದು ಅಲ್ಲೇ ಕಟ್ಟಿಹೋಗುತ್ತದೆ, ಎಲೆಗೆ ಕೊಟ್ಟದ್ದಷ್ಟೇ ಲಾಭ. ಸಿಮೆಂಟಿನ ದಾರಿಗೆ ಬಿದ್ದರೆ ತುಕ್ಕಿನ ಕಲೆ ಹೋಗದು, ಎಚ್ಚರ.

ಶಿಲೀಂಧ್ರನಾಶಕಕ್ಕೆ ಈಗಲೇ ಕೈ ಹಾಕಬೇಡಿ. ಪ್ರೊಪಿಕೊನಜೋಲ್ ಗುಂಪಿನವು ಹುಲ್ಲಿನ ಬೆಳವಣಿಗೆಯನ್ನೂ ತಗ್ಗಿಸುತ್ತವೆ, ನಿಮಗೆ ಈಗ ಬೇಕಿರುವುದೇ ಬೆಳವಣಿಗೆ. ಎರಡು ವಾರ ನೋಡಿ.

ಚೆಂಬೂರಿನ_ಹುಲ್ಲುಗಾರ | 15 ಡಿಸೆಂಬರ್, ರಾತ್ರಿ 8:50

ಧಾರವಾಡದವರು ಹೇಳಿದ್ದು ಸರಿ. ನಾನು 8ನೇ ಗ್ರೀನಿಗೆ ಬರುತ್ತೇನೆ. ಮರ ಅಲ್ಲೇ ಉಂಟು, ಅಲ್ಲಾಡಿದ್ದು ಸೂರ್ಯ.

ಪುಣೆ ಇರುವುದು ಹದಿನೆಂಟೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮಧ್ಯದಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ, ನಿಂತವನ ನೆರಳು ಪಾದದ ಅಡಿಗೇ. ಆಗ ಬೆಳಿಗ್ಗೆ ಒಂಬತ್ತಕ್ಕೆ ಬಿಸಿಲು ಪೂರ್ವದಿಂದ, ತುಸು ಉತ್ತರಕ್ಕೆ ವಾಲಿ ಬರುತ್ತದೆ. ನಿಮ್ಮ ಮರ ಆಗ್ನೇಯದಲ್ಲಿ, ಅಂದರೆ ದಾರಿಗೆ ಅಡ್ಡವೇ ಇಲ್ಲ. ಡಿಸೆಂಬರಿನಲ್ಲಿ ಅದೇ ಒಂಬತ್ತು ಗಂಟೆಯ ಸೂರ್ಯ ಸರಿಯಾಗಿ ಆಗ್ನೇಯದಲ್ಲಿ, ನೆಲದಿಂದ ಬರೀ 23 ಡಿಗ್ರಿ ಮೇಲೆ. 15 ಮೀಟರ್ ಮರದ ನೆರಳು ಆಗ 35 ಮೀಟರ್ ಉದ್ದ. ಇಡೀ ಗ್ರೀನ್ ಅದರೊಳಗೆ. ನಡು ಮಧ್ಯಾಹ್ನದಲ್ಲೂ ಸೂರ್ಯ 48 ಡಿಗ್ರಿಗಿಂತ ಮೇಲೇರುವುದಿಲ್ಲ.

ಗರಿಕೆ, ಅಂದರೆ ನೀವು ಹೇಳುವ ಕರಕಿ, ಬಿಸಿಲಿನ ಹುಲ್ಲು. ಬಯಲಲ್ಲಿ ಯಾರೂ ನೆಡದೆ ಹಬ್ಬುತ್ತದೆ, ಮರದಡಿ ನೀವೇ ನೆಟ್ಟರೂ ಉಳಿಯದು. ಟಿಫ್‌ಡ್ವಾರ್ಫ್ ಅಂದರೆ ನಮ್ಮ ಗರಿಕೆಗೂ ಆಫ್ರಿಕಾದ ಇನ್ನೊಂದು ಗರಿಕೆಗೂ ಹುಟ್ಟಿದ ತಳಿಯಿಂದ ಬಂದದ್ದು, 1965ರಲ್ಲಿ ಹೊರಬಂತು. ಅದಕ್ಕೂ ತಾಯಿಯ ಗುಣವೇ. ಆರೆಂಟು ತಾಸು ನೇರ ಬಿಸಿಲು ಬೇಕು, ನಿಮ್ಮಲ್ಲಿ ಅಷ್ಟು ಸಿಗುತ್ತಿಲ್ಲ. ಜೊತೆಗೆ ನೆರಳಿನ ಮಣ್ಣು ಬಿಸಿಯೇರುವುದಿಲ್ಲ. ಥರ್ಮಾಮೀಟರ್ ಇದ್ದರೆ ಎರಡು ಇಂಚು ಒಳಗೆ ಚುಚ್ಚಿ, ಮಧ್ಯಾಹ್ನ ಎರಡಕ್ಕೆ 8ರಲ್ಲೂ ಇನ್ನೊಂದು ಗ್ರೀನಿನಲ್ಲೂ ಅಳೆಯಿರಿ.

ಇಲ್ಲಿ ಗೊಬ್ಬರ ಸುರಿದು ಪ್ರಯೋಜನವಿಲ್ಲ. ಎತ್ತರ 5.5 ಮಿ.ಮೀ.ಗೆ ಏರಿಸಿ, ನೆರಳಿನಲ್ಲಿರುವ ಹುಲ್ಲಿಗೆ ಎಲೆ ಹೆಚ್ಚು ಬೇಕು. ಚೆಂಡು ನಿಧಾನ ಉರುಳುತ್ತದೆ ಅಂತ ಆಟಗಾರರು ಗೊಣಗಿದರೆ ಫೆಬ್ರುವರಿ ತನಕ ತಡೆಯಿರಿ ಅಂತ ಬೋರ್ಡು ಹಾಕಿ. ನೀರು ಅರ್ಧ ಮಾಡಿ. ಚೆಂಡು ಬೀಳುವ ಕುಳಿಯನ್ನು ಬಿಸಿಲು ಬರುವ ಬದಿಗೆ ಇಟ್ಟು ದಿನವೂ ಜಾಗ ಬದಲಿಸಿ. ಕೆಳಗಿನ ಕೊಂಬೆ ಸವರಿದರೆ ಬೆಳಗಿನ ಬಿಸಿಲು ಒಂದು ತಾಸು ಮೊದಲು ಸಿಗಬಹುದು. ಆದರೆ ಮಹಾರಾಷ್ಟ್ರದಲ್ಲಿ ನಗರದ ಮರಗಳ ರಕ್ಷಣೆಗೆ 1975ರ ಕಾಯ್ದೆಯೇ ಉಂಟು, ವೃಕ್ಷ ಅಧಿಕಾರಿಯ ಅನುಮತಿ ಕೇಳದೆ ಕತ್ತಿ ಎತ್ತಬೇಡಿ. ಮರ ಕಡಿಯುವ ಮಾತಂತೂ ಬೇಡವೇ ಬೇಡ, ಮೂರು ಮಳೆಮರ ಬೆಳೆಯಲಿಕ್ಕೆ ಒಂದು ತಲೆಮಾರು ಹಿಡಿದಿದೆ.

ಕಾರವಾರ_ಟು_ಗೋವಾ | 16 ಡಿಸೆಂಬರ್, ಬೆಳಿಗ್ಗೆ 7:55

ಗೋವಾದಿಂದ ನಮಸ್ಕಾರ. ನಾವು ಹೋದ ವರ್ಷ ಡಿಸೆಂಬರಿನಲ್ಲೇ ಕೋರಿಂಗ್ ಮಾಡಿದ್ದೆವು, ತೂತು ಮೂರು ವಾರದಲ್ಲಿ ಮುಚ್ಚಿತು. ಮಷೀನ್ ಸಿಗುವಾಗ ಮಾಡಿಬಿಡಿ. ಮೇಲೆ ರೈಗ್ರಾಸ್ ಬೀಜ ಚೆಲ್ಲಿದರೆ ಹಸಿರೂ ಆಗುತ್ತದೆ.

ಚೆಂಬೂರಿನ_ಹುಲ್ಲುಗಾರ | 16 ಡಿಸೆಂಬರ್, ಬೆಳಿಗ್ಗೆ 9:10

ಗೋವಾದಲ್ಲಿ ಚಳಿಗಾಲದ ರಾತ್ರಿಯೂ 20ರ ಆಸುಪಾಸು, ನಿಮ್ಮ ಹುಲ್ಲು ನಿಲ್ಲದೆ ಬೆಳೆಯುತ್ತದೆ. ಅಲ್ಲಿ ಮುಚ್ಚಿದ್ದರಲ್ಲಿ ಆಶ್ಚರ್ಯವಿಲ್ಲ. ಪುಣೆಯಲ್ಲಿ ರಾತ್ರಿ 10ಕ್ಕೆ ಇಳಿದಾಗ ಗರಿಕೆ ಅರೆನಿದ್ದೆಯಲ್ಲಿರುತ್ತದೆ. ಜನವರಿಯಲ್ಲಿ ತೂತು ಮಾಡಿದರೆ ಮಾರ್ಚ್ ತನಕ ಬಾಯಿ ತೆರೆದೇ ಇರುತ್ತದೆ, ಚೆಂಡು ಕುಪ್ಪಳಿಸುತ್ತದೆ, ಬೇರು ಒಣಗುತ್ತದೆ. ರೈಗ್ರಾಸ್ ಕೂಡ ಬೇಡ. ಅದು ಚಳಿಯಲ್ಲಿ ಸೊಂಪಾಗಿ ಬೆಳೆದು, ಮಾರ್ಚಿನಲ್ಲಿ ಗರಿಕೆ ಏಳುವ ಹೊತ್ತಿಗೆ ಅದರ ಬಿಸಿಲನ್ನೂ ನೀರನ್ನೂ ಕಸಿಯುತ್ತದೆ. 8ನೇ ಗ್ರೀನಿಗೆ ಇರುವ ಬಿಸಿಲೇ ಸಾಲದು.

ಕೋರಿಂಗ್ ಹೋಳಿ ಕಳೆದ ಮೇಲೆ. ರಾತ್ರಿ ಬೆಚ್ಚಗಾದ ಮೇಲೆ ಹತ್ತು ಹನ್ನೆರಡು ದಿನದಲ್ಲಿ ಮುಚ್ಚಿಕೊಳ್ಳುತ್ತದೆ. ಈಗ ನೆಲ ಗಟ್ಟಿ ಅನಿಸಿದರೆ ತೆಳು ಸೂಜಿಯ ಮೊಳೆಗಳಿಂದ ಚುಚ್ಚಿ ಬಿಡಿ, ಮಣ್ಣು ತೆಗೆಯಬೇಡಿ.

ಕರಕಿ_ವಿಜಾಪುರ | 4 ಜನವರಿ, ಸಂಜೆ 5:45

ತಡಾ ಆತು, ಕ್ಷಮಿಸ್ರಿ. ಟೈಮರ್ ಅವತ್ತೇ ಬದಲಿ ಮಾಡಿದೆ. 2 ಮತ್ತು 5ಕ್ಕ ಬೆಳಿಗ್ಗೆ 4:30, ಉಳಿದ ಲೈನು ಅದರ ಹಿಂದ. ಹಗ್ಗ ಎಳೆಯೋದು ಮಾಳಿಗಳಿಗೆ ಮೊದಲು ವಿಚಿತ್ರ ಅನಿಸಿತು, ಈಗ ಅವರೇ ನನಗಿಂತ ಮೊದಲು ಬಂದು ಎಳೀತಾರ. ಸಲ್ಫೇಟ್ ಎರಡು ಸಲ, ಕಬ್ಬಿಣ ಒಂದು ಸಲ ಆತು. ಒಂಬತ್ತು ದಿನದಿಂದ ಬಿಳಿ ನೂಲು ಕಂಡಿಲ್ಲ. ಹಳೇ ಚಿಕ್ಕಿ ಇನ್ನೂ ಕಾಣ್ತಾವ, ಆದ್ರ ಅಂಚಿನಿಂದ ಹಸಿರು ಒಳಗ ಬರಾಕತ್ತದ. ಹೊಸಾವು ಇಲ್ಲ.

ಮಧ್ಯಾಹ್ನ ಎರಡಕ್ಕ ಮಣ್ಣಿನ ಬಿಸಿ: 6ನೇ ಗ್ರೀನ್ 23, 8ನೇದು 17. ಆಫೀಸಿನವರಿಗೆ ಈ ಎರಡು ಅಂಕಿ ಬರೆದು ತೋರಿಸಿದೆ, ಕೋರಿಂಗ್ ಮುಂದಕ್ಕ ಹಾಕಿದ್ರು.

ಇನ್ನೊಂದು ಕೇಳೋದದ. 3ನೇ ಫೇರ್‌ವೇದಾಗ ಎರೆಮಣ್ಣು ಬಾಯಿ ಬಿಟ್ಟದ, ಬಿರುಕಿನಾಗ ಚೆಂಡು ಸಿಕ್ಕೊಳ್ತಾವ. ಊರಾಗ ಹಿಂಗಾರಿ ಜೋಳಕ್ಕ ಎಡಿ ಹೊಡೆದು ಬಿರುಕು ಮುಚ್ಚತೀವಿ. ಇಲ್ಲಿ ಹುಲ್ಲಿನ ಮ್ಯಾಲ ಕುಂಟಿ ಹೊಡಿಯಾಕ ಬರೂದಿಲ್ಲ. ಮರಳು ತುಂಬಲೇನು?

ಮಣ್ಣು_ಧಾರವಾಡ | 4 ಜನವರಿ, ರಾತ್ರಿ 8:15

ಬರೀ ಮರಳು ತುಂಬಬೇಡಿ. ಮಳೆಗೆ ಎರೆ ಹಿಗ್ಗಿದಾಗ ಬಿರುಕಿಗೆ ಮುಚ್ಚಿಕೊಳ್ಳಲು ಜಾಗ ಸಿಗದೆ ನೆಲ ಉಬ್ಬುತ್ತದೆ. ಅದೇ ಜಾಗದ ಮಣ್ಣನ್ನು ಪುಡಿ ಮಾಡಿ, ಕೊಳೆತ ಗೊಬ್ಬರ ಬೆರೆಸಿ ಸಡಿಲವಾಗಿ ತುಂಬಿ. ವಾರಕ್ಕೊಮ್ಮೆ ಧಾರಾಳ ನೀರು ಕೊಡುವ ಬದಲು ಅಷ್ಟೇ ನೀರನ್ನು ಎರಡು ಮೂರು ಸಲಕ್ಕೆ ಹಂಚಿ. ಎರೆ ಪೂರ್ತಿ ಒಣಗದಿದ್ದರೆ ಬಿರುಕು ಅಗಲವಾಗುವುದಿಲ್ಲ.

ಕರಕಿ_ವಿಜಾಪುರ | 11 ಫೆಬ್ರುವರಿ, ಬೆಳಿಗ್ಗೆ 10:05

2 ಮತ್ತು 5 ಪೂರಾ ಕೂಡಿಕೊಂಡಾವ. ಬ್ಲೇಡ್ ಅಣ್ಣಾರು ಕಳೆದ ರವಿವಾರ ತಾವೇ ಬಂದು ಅಡ್ಡಪಟ್ಟಿ ಸರಿ ಮಾಡಿ ಕೊಟ್ರು, ಚಾ ಬಿಟ್ಟು ಬ್ಯಾರೆ ಏನೂ ತಗೊಳ್ಳಲಿಲ್ಲ. ಈಗ ಕಾಗದ ಮೂರೂ ಕಡೆ ತುಂಡಾಗ್ತದ.

ಕೊಂಬಿ ಸವರಾಕ ಅನುಮತಿ ಬಂತು, ಕೆಳಗಿನ ಕೊಂಬಿ ಅಷ್ಟ ತೆಗೆದ್ವಿ. 8ಕ್ಕ ಈಗ ಒಂಬತ್ತೂಮುಕ್ಕಾಲಿಗೆ ಬಿಸಿಲು ಬೀಳ್ತದ. ಅದರಾಗ ಸೂರ್ಯ ಮ್ಯಾಲ ಬಂದದ್ದೆಷ್ಟು, ಕೊಂಬಿಯದ್ದೆಷ್ಟು ಅಂತ ಮುಂದಿನ ಡಿಸೆಂಬರಿಗೆ ತಿಳೀತದ, ದಿನಾ ಬರೆದಿಡಾಕತ್ತೀನಿ. ನಡುವಿನ ಎರಡು ಮೀಟರ್ ಜಾಗ ಇನ್ನೂ ತೆಳ್ಳಗ ಅದ, ಅಲ್ಲಿ ನರ್ಸರಿಯ ಹುಲ್ಲು ತಂದು ಹಚ್ಚತೀನಿ.

ಮಷೀನಿನವರಿಗೆ ಮಾರ್ಚ್ ಮೂರನೇ ವಾರ ಹೇಳೀನಿ. ಕೋರಿಂಗ್ ಆದ ಮ್ಯಾಲ ಮಳಿಗಿಂತ ಮೊದಲು 2 ಮತ್ತು 5ರ ಪಕ್ಕದ ನಾಲಾ ಹೂಳು ತೆಗಿಸೋದದ. ಚೆಂಬೂರಿನ ಅಣ್ಣಾರ, ಮೇ ತಿಂಗಳಾಗ ಮಳೆಗಾಲದ ತಯಾರಿ ಕೇಳಾಕ ಮತ್ತ ಬರ್ತೀನ್ರಿ.