ಒಂದನೇ ಕ್ಲಾಸಿಗೆ ಯೂನಿಫಾರ್ಮ್ ಎಷ್ಟು ಜೊತೆ ಬೇಕು? (ಮಲೆನಾಡಿನ ಮಳೆ ಲೆಕ್ಕ ಹಿಡಿದು ಹೇಳಿ)

ತೀರ್ಥಹಳ್ಳಿ_ಅಮ್ಮ:
ಮಗಳು ಜೂನ್‌ಗೆ ಒಂದನೇ ಕ್ಲಾಸ್. ಖಾಸಗಿ ಶಾಲೆ, ಸೋಮವಾರದಿಂದ ಶನಿವಾರದವರೆಗೆ. ಶಾಲೆಯ ಚೀಟಿಯಲ್ಲಿ ಹೀಗೆ ಬರೆದಿದ್ದಾರೆ: ಚೌಕುಳಿ ಷರ್ಟ್ ಮತ್ತು ನೀಲಿ ಪಿನಾಫೋರ್ (ಷರ್ಟ್ ಮೇಲೆ ಹಾಕೋ ತೋಳಿಲ್ಲದ ಫ್ರಾಕ್) 4 ಜೊತೆ, ಬುಧವಾರ ಮತ್ತು ಶನಿವಾರಕ್ಕೆ ಬಿಳಿ ಷರ್ಟ್, ಬಿಳಿ ಸ್ಕರ್ಟ್ 2 ಜೊತೆ, ಹೌಸ್ (ಶಾಲೆಯಲ್ಲಿ ಮಕ್ಕಳನ್ನ ಹಂಚೋ ಬಣ್ಣದ ಗುಂಪು) ಟಿ-ಷರ್ಟ್ 2, ಸ್ವೆಟರ್ 2, ಟೈ, ಬೆಲ್ಟ್, ಕಪ್ಪು ಶೂ, ಬಿಳಿ ಕ್ಯಾನ್ವಾಸ್ ಶೂ. ಇಷ್ಟೂ ಬೇಕಾ? ಇಲ್ಲಿ ಮಳೆ ಹಿಡಿದರೆ ಬಟ್ಟೆ ಒಣಗೋದೇ ಇಲ್ಲ. ವಾಷಿಂಗ್ ಮಷೀನ್ ಇದೆ, ಡ್ರೈಯರ್ ಇಲ್ಲ. ಅಳತೆ ಎಷ್ಟು ದೊಡ್ಡದು ತಗೋಬೇಕು? ರೆಡಿಮೇಡೋ, ಹೊಲಿಸೋದೋ?

ಸೂಜಿದಾರ:
ವಾರಕ್ಕೆ ಎಷ್ಟು ದಿನ ಹಾಕ್ತಾಳೆ ಅಂತ ಎಣಿಸಬೇಡಿ. ಬಿಚ್ಚಿದ ಬಟ್ಟೆ ಮತ್ತೆ ಮೈಮೇಲೆ ಬರೋಕೆ ಎಷ್ಟು ಗಂಟೆ ಸಿಗುತ್ತೆ ಅಂತ ಎಣಿಸಿ.

ನಿಮ್ಮ ಶಾಲೆಯಲ್ಲಿ ನೀಲಿ ಬರೋದು ಸೋಮ, ಮಂಗಳ, ಗುರು, ಶುಕ್ರ. ಸೋಮವಾರ ಹಾಕಿದ್ದನ್ನ ಅವತ್ತೇ ಸಂಜೆ 7ಕ್ಕೆ ಒಗೆದರೆ ಗುರುವಾರ ಬೆಳಿಗ್ಗೆ 7ರವರೆಗೆ 60 ಗಂಟೆ ಸಿಗುತ್ತೆ. ಮಂಗಳವಾರದ್ದಕ್ಕೂ ಶುಕ್ರವಾರದವರೆಗೆ ಅಷ್ಟೇ. ನಡುವೆ ಬುಧವಾರದ ಬಿಳಿ ಇರೋದೇ ನಿಮ್ಮನ್ನ ಕಾಯುತ್ತೆ. ಹಾಗಾಗಿ 2 ಪಿನಾಫೋರ್ ಸಾಕು. ಷರ್ಟ್ ಮಾತ್ರ 3, ಯಾಕಂದ್ರೆ ಸಾರು ಚೆಲ್ಲೋದು, ಮೂಗು ಒರೆಸೋದು ಎಲ್ಲ ಅದಕ್ಕೇ. ಬಿಳಿಗೂ ಬುಧವಾರದಿಂದ ಶನಿವಾರಕ್ಕೆ 60 ಗಂಟೆ ಇದೆ: ಸ್ಕರ್ಟ್ 1, ಷರ್ಟ್ 2. ಬಿಳಿ ಇಲ್ಲದ ಶಾಲೆಯಾಗಿ ದಿನಾ ಒಂದೇ ಬಣ್ಣ ಹಾಕೋದಿದ್ದಿದ್ದರೆ ಇದೇ ಮಳೆಗೆ 3 ಪೂರ್ತಿ ಜೊತೆ ಬೇಕಾಗ್ತಿತ್ತು.

ಹೌಸ್ ಟಿ-ಷರ್ಟ್ ಈಗ ತಗೋಬೇಡಿ. ಹೌಸ್ ಯಾವುದು ಅಂತ ಗೊತ್ತಾಗೋದು ಸಾಮಾನ್ಯವಾಗಿ ಶಾಲೆ ಶುರುವಾದ ಮೇಲೆ. ಕೆಂಪು ಅಂದುಕೊಂಡು ತಗೊಂಡು ಹಳದಿ ಬಂದರೆ ಅಂಗಡಿಯವನು ವಾಪಸ್ ತಗೊಳ್ಳಲ್ಲ.

ಅಳತೆಗೆ ಬನ್ನಿ. ಈ ವಯಸ್ಸಿನ ಮಕ್ಕಳು ವರ್ಷಕ್ಕೆ 5-6 ಸೆಂ.ಮೀ., ಅಂದರೆ 2 ಇಂಚಿನ ಆಸುಪಾಸು ಬೆಳೀತಾರೆ. ಷರ್ಟ್ ಈಗ 24 ನಂಬರ್ ಸರಿಯಾಗಿದ್ದರೆ 26 ತಗೊಳ್ಳಿ. 28 ಬೇಡ. ಭುಜ ಜಾರುತ್ತೆ, ತೋಳು ಮೊಣಕೈ ದಾಟುತ್ತೆ, ಕಾಲರ್ ಸಡಿಲಾಗಿ ಟೈ ಎದೆಗೆ ಇಳಿಯುತ್ತೆ.

ಪಿನಾಫೋರ್ ಹೊಲಿಸೋದೇ ಒಳ್ಳೇದು. ರೆಡಿಮೇಡ್‌ನಲ್ಲಿ ಕೆಳ ಅಂಚಿಗೆ ಅರ್ಧ-ಮುಕ್ಕಾಲು ಇಂಚು ಮಡಚಿ, ಪಕ್ಕದ ಹೊಲಿಗೆಯನ್ನ ಓವರ್‌ಲಾಕ್ ಮಾಡಿ ಕತ್ತರಿಸಿರ್ತಾರೆ, ಬಿಚ್ಚೋಕೆ ಒಳಗೆ ಬಟ್ಟೆಯೇ ಇರಲ್ಲ. ಟೈಲರ್‌ಗೆ ಹೇಳಿ: ಕೆಳಗೆ 3 ಇಂಚು, ಭುಜದಲ್ಲಿ 1 ಇಂಚು, ಪಕ್ಕಗಳಲ್ಲಿ ಒಂದೊಂದು ಇಂಚು ಮಾರ್ಜಿನ್ ಬಿಡಬೇಕು. ಸುಮ್ಮನೆ ‘ಸ್ವಲ್ಪ ದೊಡ್ಡದಾಗಿ ಹೊಲೀರಿ’ ಅಂದರೆ ಸೊಂಟವೂ ದೊಡ್ಡದಾಗಿ ಗೋಣಿಚೀಲ ಆಗುತ್ತೆ.

ಬಟ್ಟೆ ಲೆಕ್ಕ: 58 ಇಂಚು ಪನ್ನದ್ದಾದರೆ (ಪನ್ನ ಅಂದರೆ ಬಟ್ಟೆಯ ಅಗಲ) ಪಿನಾಫೋರ್‌ಗೆ 1 ಮೀಟರ್, ಸುತ್ತಲೂ ನೆರಿಗೆ ಇದ್ದರೆ 1.5 ಮೀಟರ್. ಷರ್ಟ್‌ಗೆ 36 ಇಂಚು ಪನ್ನದಲ್ಲಿ 1.25 ಮೀಟರ್. ಕತ್ತರಿಸೋ ಮುಂಚೆ ಒಂದು ರಾತ್ರಿ ನೀರಲ್ಲಿ ನೆನೆಹಾಕಿ ಒಣಗಿಸಿ ಕೊಡಿ. ಬಟ್ಟೆ ನೂರಕ್ಕೆ 3 ಕುಗ್ಗಿದರೂ 24 ಇಂಚಿನ ಪಿನಾಫೋರ್ ಮುಕ್ಕಾಲು ಇಂಚು ಗಿಡ್ಡ ಆಗುತ್ತೆ, ಬಿಟ್ಟ ಮಾರ್ಜಿನ್‌ನ ಕಾಲು ಭಾಗ ಮೊದಲ ಒಗೆತಕ್ಕೇ ಹೋದ ಹಾಗೆ.

ಕಡಲತಡಿ:
ಸೂಜಿದಾರರ ಲೆಕ್ಕ ಸರಿ, ಆದರೆ ಪಿನಾಫೋರ್ ವಿಷಯದಲ್ಲಿ ನಾನು ಒಪ್ಪಲ್ಲ. ತೀರ್ಥಹಳ್ಳಿ ಅಂದರೆ ಆಗುಂಬೆಯ ತಾಲೂಕು. ಜುಲೈನಲ್ಲಿ ಬಿಡದೆ ಸುರಿಯೋವಾಗ ಷರ್ಟ್ ಫ್ಯಾನಿಗೆ ಒಂದು ರಾತ್ರಿಯಲ್ಲಿ ಒಣಗುತ್ತೆ, ಪಿನಾಫೋರ್‌ನ ಸೊಂಟ ಒಣಗಲ್ಲ. ಅಲ್ಲಿ ನೆರಿಗೆ, ಪಟ್ಟಿ, ಒಳಬಟ್ಟೆ ಸೇರಿ ನಾಲ್ಕೈದು ಪದರ. 60 ಗಂಟೆಯ ನಂತರವೂ ಮುಟ್ಟಿದರೆ ತಣ್ಣಗಿರುತ್ತೆ, ಮಗು ಹಾಕಿಕೊಂಡ ಮೇಲೆ ಮೈ ಬಿಸಿಗೆ ಮುಗ್ಗಲು ವಾಸನೆ ಏಳುತ್ತೆ. 3 ಪಿನಾಫೋರ್ ಇರಲಿ.

ಒಣಗಿಸೋ ರೀತಿ: ಮಷೀನಿನಲ್ಲಿ ಸ್ಪಿನ್ ಎರಡು ಸಲ ಹಾಕಿ. ಪಿನಾಫೋರನ್ನ ಒಳಗಿನದು ಹೊರಗೆ ಮಾಡಿ, ಸೊಂಟ ಮೇಲೆ ಬರೋ ಹಾಗೆ ಎರಡು ಕ್ಲಿಪ್ ಹಾಕಿ ನೇತುಹಾಕಿ. ಹಗ್ಗದ ಮೇಲೆ ಮಡಚಿ ಹಾಕಿದರೆ ಮಡಿಕೆ ಬಿದ್ದ ಜಾಗವೇ ಕೊನೆಗೆ ಒಣಗೋದು. ಬಚ್ಚಲ ಒಲೆ ಇರೋ ಮನೆಯಲ್ಲಿ ಹಂಡೆಯ ಮೇಲೆ ಹಗ್ಗ ಕಟ್ಟೋ ರೂಢಿ ಇದೆ, ಬಿಳಿ ಬಟ್ಟೆಯನ್ನ ಮಾತ್ರ ಅಲ್ಲಿ ಹಾಕಬೇಡಿ, ಹೊಗೆಗೆ ಹಳದಿ ಆಗುತ್ತೆ. ಪೂರ್ತಿ ಒಣಗದ ಬಟ್ಟೆಗೆ ಇಸ್ತ್ರಿ ಹಾಕಿ ಬೀರುವಿಗೆ ಇಟ್ಟರೆ ಕಪ್ಪು ಚುಕ್ಕಿ ಬೂಷ್ಟು ಬರುತ್ತೆ, ಅದು ಹೋಗಲ್ಲ.

ಕೆಂಪು ಮಣ್ಣಿನ ಕೆಸರು ಹಸಿಯಾಗಿದ್ದಾಗ ಉಜ್ಜಬೇಡಿ, ನೂಲಿನೊಳಗೆ ಇಳಿಯುತ್ತೆ. ಒಣಗಲಿ, ಕೊಡವಿ, ಬ್ರಷ್ ಹಾಕಿ, ಆಮೇಲೆ ನೀರು. ಅರಿಶಿನದ ಕಲೆಗೆ ಸೋಪು ಹಾಕಿದ ಕೂಡಲೇ ಕೆಂಪಾಗುತ್ತೆ, ಗಾಬರಿ ಬೇಡ. ಸೋಪಿನ ಕ್ಷಾರಕ್ಕೆ ಅದು ಹಾಗೇ. ಚೆನ್ನಾಗಿ ಜಾಲಿಸಿದರೆ ಮತ್ತೆ ಹಳದಿಗೆ ಬರುತ್ತೆ, ಬಿಸಿಲಿಗೆ ಮಾಸಿಹೋಗುತ್ತೆ. ಬಿಸಿಲು ಎಲ್ಲಿಂದ ತರೋದು ಅನ್ನೋದು ಬೇರೆ ಮಾತು.

ಶೂ ಒಂದೇ ಜೊತೆ ತಗೊಳ್ಳಿ. ಸಂಜೆ ಹೊತ್ತಿನಲ್ಲಿ, ಸಾಕ್ಸ್ ಹಾಕಿಸಿ, ನಿಲ್ಲಿಸಿ ನೋಡಿ. ಉದ್ದ ಬೆರಳಿನ ಮುಂದೆ 1 ಸೆಂ.ಮೀ. ಜಾಗ ಸಾಕು. ಅದಕ್ಕಿಂತ ದೊಡ್ಡದಾದರೆ ಹಿಮ್ಮಡಿ ಕಳಚಿ ಎಡವುತ್ತಾಳೆ. ಲೇಸ್ ಬೇಡ, ವೆಲ್ಕ್ರೋ ಇರಲಿ. ಒದ್ದೆಯಾದ ಶೂಗೆ ಪೇಪರ್ ತುರುಕಿ, ರಾತ್ರಿ ಮಲಗೋ ಮುಂಚೆ ಒಮ್ಮೆ ಪೇಪರ್ ಬದಲಿಸಿ. ಜೂನ್-ಜುಲೈಗೆ ಸ್ಯಾಂಡಲ್ ಹಾಕಿ ಕಳಿಸಬಹುದಾ ಅಂತ ಶಾಲೆಯಲ್ಲಿ ಕೇಳಿ, ಬಿಡೋ ಶಾಲೆಗಳಿವೆ. ಆಗ ಕ್ಯಾನ್ವಾಸ್ ಶೂ ಮಳೆ ಕಳೆದ ಮೇಲೆ ತಗೊಂಡರೂ ಆಯ್ತು, ಕಾಲೂ ಅಷ್ಟೊತ್ತಿಗೆ ಅರ್ಧ ನಂಬರ್ ಬೆಳೆದಿರುತ್ತೆ. ಸಾಕ್ಸ್ ಮಾತ್ರ 5-6 ಜೊತೆ, ಅದರಲ್ಲಿ ಉಳಿತಾಯ ನೋಡಬೇಡಿ.

ಧಾರವಾಡದಾಂವ:
ಸರ್ಕಾರಿ ಸಾಲಿಗೆ ಮಕ್ಕಳನ್ನ ಕಳಸೋರೂ ಇಲ್ಲೆ ಓದ್ತಿರಬಹುದು, ಅವ್ರಿಗೆ ಒಂದ್ ಮಾತ್ರೀ. ವಿದ್ಯಾವಿಕಾಸ ಯೋಜನಾದಾಗ ಒಂದರಿಂದ ಹತ್ತನೇತ್ತಾತನಕ ಯೂನಿಫಾರ್ಮ್ ಪುಕ್ಕಟೆ ಬರ್ತದ, ಆದ್ರ ಅರಿವಿ ಕೊಡ್ತಾರ, ಹೊಲಿಸೂ ಖರ್ಚು ನಮ್ಮದ. ಶೂ ಒಂದ್ ಜೋಡಿ, ಸಾಕ್ಸ್ ಎರಡ್ ಜೋಡಿ ಸಾಲಿಯಿಂದನ ಸಿಗ್ತಾವ. ಅರಿವಿ ಜೂನ್ ಒಂದಕ್ಕ ಕೈಗೆ ಬಂದ ಬರ್ತದಂತ ತಿಳಕೋಬ್ಯಾಡ್ರಿ. ಹೆಡ್‌ಮಾಸ್ತರರನ್ನ ಕೇಳಿ, ಬರೂತನಕ ಮನಿ ಅಂಗಿ ಹಾಕಿ ಕಳಸ್ರಿ. ಅವಸರ ಮಾಡಿ ಪ್ಯಾಟ್ಯಾಗ ತಂದ್ರ ಬಣ್ಣ ಹೊಂದೂದಿಲ್ಲ. ಅರಿವಿ ಇಯತ್ತಾ (ಕ್ಲಾಸ್) ನೋಡಿ ಕೊಡ್ತಾರ, ಕೂಸಿನ ಮೈ ನೋಡಿ ಅಲ್ಲ. ಸಣ್ಣ ಮೈಯಿನ ಹುಡುಗರಿಗೆ ಉಳೀತದ. ಉಳಿದ ತುಂಡು ಟೇಲರ್ ಕಡಿಂದ ಕೇಳಿ ಇಸಕೋರ್ರಿ, ಮೊಣಕಾಲ್ ಮಟ ಹರಕೊಂಡು ಬಂದಾಗ ತ್ಯಾಪಿ ಹಾಕಾಕ ಅದ ಬಣ್ಣದ್ದು ಬೇಕಲ್ಲ.

ತೀರ್ಥಹಳ್ಳಿ_ಅಮ್ಮ:
ತುಂಬಾ ಉಪಕಾರ ಆಯ್ತು. ಎರಡು ಅನುಮಾನ. ಅಂಚು ಬಿಚ್ಚಿದರೆ ಹಳೇ ಮಡಿಕೆಯ ಗೆರೆ ಕಾಣಲ್ವಾ? ಇನ್ನೊಂದು, ಸ್ವೆಟರ್ ಎರಡು ವರ್ಷಕ್ಕಾಗೋ ಹಾಗೆ ದೊಡ್ಡದು ತಗೊಂಡು, ಮುಂದಿನ ವರ್ಷ ಶಾಲೆಯವರು ಬಣ್ಣ ಬದಲಿಸಿಬಿಟ್ಟರೆ?

ನಿಯಮ_ನೋಡಿ:
ಎರಡನೇದಕ್ಕೆ ಉತ್ತರ. 1995ರ ಕರ್ನಾಟಕ ಶಿಕ್ಷಣ ಸಂಸ್ಥೆಗಳ ನಿಯಮಗಳಲ್ಲಿ 11ನೇ ನಿಯಮ ಇದನ್ನೇ ಹೇಳುತ್ತೆ: ಒಮ್ಮೆ ಗೊತ್ತುಮಾಡಿದ ಸಮವಸ್ತ್ರವನ್ನ 5 ವರ್ಷದೊಳಗೆ ಬದಲಿಸುವಂತಿಲ್ಲ, ಬದಲಿಸೋದಾದರೆ ಪೋಷಕರಿಗೆ ಕನಿಷ್ಠ 1 ವರ್ಷ ಮುಂಚೆ ನೋಟಿಸ್ ಕೊಡಬೇಕು. ಹಾಗಾಗಿ ಶಾಲೆಯಲ್ಲಿ ಕೇಳಬೇಕಾದದ್ದು ಎರಡೇ: ಈಗಿನ ಬಣ್ಣ ಯಾವ ವರ್ಷದಿಂದ ಇದೆ, ಬದಲಾವಣೆಯ ನೋಟಿಸ್ ಏನಾದರೂ ಹೊರಟಿದೆಯಾ. ನೋಟಿಸ್ ಇಲ್ಲ ಅಂದರೆ ಸ್ವೆಟರ್ ಧೈರ್ಯವಾಗಿ ಒಂದೇ ತಗೊಳ್ಳಿ, ಎರಡು ನಂಬರ್ ದೊಡ್ಡದು. ತೋಳನ್ನ ಒಂದು ಮಡಿಕೆ ಮಡಚಿದರೆ ಆಯ್ತು.

ಸೂಜಿದಾರ:
ಮೊದಲನೇದು ನನ್ನ ಪಾಲಿಗೆ. ಗೆರೆ ಕಾಣುತ್ತೆ, ಸುಳ್ಳು ಹೇಳಲ್ಲ. ಹೊರಗಿನ ಬಟ್ಟೆ ಒಗೆದು ಒಗೆದು ಮಾಸಿರುತ್ತೆ, ಒಳಗೆ ಮಡಚಿದ ಪಟ್ಟಿ ಹೊಸದಾಗೇ ಉಳಿದಿರುತ್ತೆ. ಮಡಿಕೆಯ ಅಂಚು ಸವೆದು ಬಿಳಿ ಗೆರೆಯೂ ಬೀಳುತ್ತೆ. ಅದಕ್ಕೇ 3 ಇಂಚನ್ನ ಒಂದೇ ಸಲ, ವರ್ಷ ಬಿಟ್ಟು ಬಿಚ್ಚಬೇಡಿ. ದಸರಾ ರಜೆಯಲ್ಲಿ 1 ಇಂಚು, ಮುಂದಿನ ಮೇ ತಿಂಗಳಲ್ಲಿ ಇನ್ನೊಂದು. ಮಧ್ಯದ ಬಟ್ಟೆಗೂ ಮಾಸೋಕೆ ಅವಕಾಶ ಸಿಗುತ್ತೆ. ಬಿಚ್ಚಿದ ಮೇಲೆ ಒದ್ದೆ ಬಟ್ಟೆ ಹಾಸಿ ಒಳಗಡೆಯಿಂದ ಇಸ್ತ್ರಿ ಮಾಡಿ. ಆದರೂ ಎದ್ದು ಕಂಡರೆ ಆ ಗೆರೆಯ ಮೇಲೆಯೇ ಅದೇ ಬಣ್ಣದ ದಾರದಲ್ಲಿ ಸಣ್ಣ ಟಕ್ ಹಿಡಿಸಿ, ಫ್ಯಾಷನ್ ಅನ್ಕೋತಾರೆ.

ಮರೆತಿದ್ದೆ: ಪಿನಾಫೋರ್ ಎಲ್ಲವಕ್ಕೂ ಬಟ್ಟೆಯನ್ನ ಒಂದೇ ಥಾನಿನಿಂದ ಕತ್ತರಿಸಿ ಕೊಡೋಕೆ ಹೇಳಿ. ಅದೇ ನೀಲಿ ಅಂತ ಆಗಸ್ಟ್‌ನಲ್ಲಿ ತಂದರೆ ಛಾಯೆ ಬೇರೆ ಬರುತ್ತೆ. ಕಡಲತಡಿಯವರು ಹೇಳಿದ ಮೂರನೇದನ್ನ ಹೊಲಿಸೋದು ಅನುಮಾನ ಇದ್ದರೂ ಬಟ್ಟೆ ಮಾತ್ರ ಈಗಲೇ ತಗೊಂಡಿಡಿ. ಬಿಳಿ ಸ್ಕರ್ಟ್‌ಗೆ ಹುಕ್ ಬೇಡ, ಹಿಂದುಗಡೆ ಎಲಾಸ್ಟಿಕ್ ಹಾಕಿಸಿ, ಬಾತ್‌ರೂಮಿನಲ್ಲಿ ಅವಳೇ ಇಳಿಸಿಕೊಳ್ಳೋ ಹಾಗಿರಬೇಕು. ಬ್ಯಾಗಿನಲ್ಲಿ ಒಂದು ಒಳಚಡ್ಡಿ, ಒಂದು ಹಳೇ ಸ್ಕರ್ಟ್ ಕವರ್‌ನಲ್ಲಿ ಸುತ್ತಿ ಇಡಿ. ಕಾಲರ್ ಒಳಗೆ ಹೆಸರಿನ ಜೊತೆ ಗಾಢ ಬಣ್ಣದ ದಾರದಲ್ಲಿ ಎರಡು ಹೊಲಿಗೆ ಹಾಕಿದರೆ ಹೆಸರು ಓದೋಕೆ ಬರದಿದ್ದರೂ ತನ್ನದನ್ನ ಗುರುತಿಸ್ತಾಳೆ.

ಬಟ್ಟೆಯನ್ನ ಮೇ ಮೊದಲ ವಾರದಲ್ಲೇ ಟೈಲರ್‌ಗೆ ಕೊಟ್ಟುಬಿಡಿ. ಮದುವೆ ಬ್ಲೌಸು, ಶಾಲೆ ಬಟ್ಟೆ ಎರಡೂ ಒಟ್ಟಿಗೆ ಬೀಳೋ ಕಾಲ ಅದು. ಮೇ 25ಕ್ಕೆ ಬಂದವರಿಗೆ ಯಾವ ಟೈಲರೂ ಮಾರ್ಜಿನ್ ನೋಡಿಕೊಂಡು ಹೊಲಿಯಲ್ಲ.