ದೂರವಾಣಿಯ ತಾಂತ್ರಿಕ ಸಂದರ್ಶನಕ್ಕೆ ಸಿದ್ಧತೆ ಹೇಗೆ?

ಪ್ರಶ್ನೆ: ಮುಂದಿನ ವಾರ ಸಾಫ್ಟ್‌ವೇರ್ ಹುದ್ದೆಯೊಂದಕ್ಕೆ ದೂರವಾಣಿಯಲ್ಲಿ ಸಂದರ್ಶನವಿದೆ. ಕೋಡ್ ಬರೆಯಬಲ್ಲೆನಾದರೂ, ಎದುರಿನವರ ಮುಖವೇ ಕಾಣದಿರುವಾಗ ಅದನ್ನು ಬಾಯಿಮಾತಿನಲ್ಲಿ ವಿವರಿಸುವುದು ಹೇಗೆಂದು ತೋಚುತ್ತಿಲ್ಲ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1: ಗಟ್ಟಿಯಾಗಿ ಹೇಳಿಕೊಂಡು ಅಭ್ಯಾಸ ಮಾಡಿ. ಉದಾಹರಣೆಗೆ, ಬೈನರಿ ಸರ್ಚ್ ಎಂಬ ಹುಡುಕುವ ವಿಧಾನ ಪ್ರತಿ ಹೆಜ್ಜೆಯಲ್ಲೂ ಹುಡುಕಬೇಕಾದ ಭಾಗವನ್ನು ಅರ್ಧಕ್ಕೆ ಇಳಿಸುವುದರಿಂದ, ಕ್ರಮವಾಗಿ ಜೋಡಿಸಿದ 10 ಲಕ್ಷ ಸಂಖ್ಯೆಗಳಲ್ಲಿಯೂ ಸುಮಾರು 20 ಹೋಲಿಕೆಗಳು ಸಾಕು ಎಂದು ವಿವರಿಸಿದರೆ, ಸೂತ್ರವನ್ನು ಒಪ್ಪಿಸುವುದಕ್ಕಿಂತ ನಿಮ್ಮ ತಿಳಿವಳಿಕೆ ಚೆನ್ನಾಗಿ ವ್ಯಕ್ತವಾಗುತ್ತದೆ.

ಉತ್ತರ 2: ರೆಸ್ಯೂಮೆಯ ಪ್ರತಿ ಪದವನ್ನೂ ಪರೀಕ್ಷಿಸಿಕೊಳ್ಳಿ. ನಾನು ಅಲಂಕಾರಕ್ಕೆಂದು ಡೇಟಾಬೇಸ್ ಇಂಡೆಕ್ಸ್ (ದತ್ತಾಂಶವನ್ನು ಬೇಗ ಹುಡುಕಲು ಪುಸ್ತಕದ ಪದಸೂಚಿಯಂತೆ ಇಡುವ ಪಟ್ಟಿ) ಎಂದು ಬರೆದಿದ್ದೆ. ಅದು ಹುಡುಕಾಟವನ್ನು ಚುರುಕುಗೊಳಿಸಿದರೂ ದತ್ತಾಂಶ ಸೇರಿಸುವುದನ್ನು ಏಕೆ ನಿಧಾನಗೊಳಿಸುತ್ತದೆ ಎಂದು ಕೇಳಿದಾಗ ತಬ್ಬಿಬ್ಬಾದೆ. (ಪ್ರತಿ ಸಲ ಇಂಡೆಕ್ಸನ್ನೂ ತಿದ್ದಬೇಕಾಗುತ್ತದೆ, ಅಷ್ಟೆ.)

ಉತ್ತರ 3: ಯೋಚಿಸುವಾಗ ಸುಮ್ಮನಾಗಬೇಡಿ, ಕರೆ ಕಡಿತವಾಯಿತೆಂದು ಅವರು ಭಾವಿಸಬಹುದು.