ಕಿರ್ರ್ ಅನ್ನೋ ಕಾರು, ಕೀಲೆಣ್ಣೆ ಮಾವ

ನಮ್ಮ ಕಾರು ಬೀದಿಯ ತಿರುವಿನಲ್ಲಿ ಬ್ರೇಕ್ ಹಾಕಿದರೆ ಮೂರನೇ ಮನೆಯ ನಾಯಿ ಎದ್ದು ನಿಲ್ಲುತ್ತಿತ್ತು. ಹಾರ್ನ್ ಹೊಡೆಯುವ ಕೆಲಸವೇ ಇರಲಿಲ್ಲ. ಕಿರ್ರ್ ಅಂದ ಕೂಡಲೇ ಹೂವಿನವಳು ಬುಟ್ಟಿಯನ್ನು ಪಕ್ಕಕ್ಕೆ ಎಳೆದುಕೊಳ್ಳುತ್ತಿದ್ದಳು. ಚಾಮುಂಡಿ ಬೆಟ್ಟ ಇಳಿಯುವಾಗಂತೂ ತಿರುವಿಗೊಂದು ಆಲಾಪನೆ. ಮೊನ್ನೆ ಹಿಂದಿನ ಸೀಟಿನಲ್ಲಿದ್ದ ನಮ್ಮ ಮಾವ ತಡೆಯಲಾರದೆ ಕೇಳೇಬಿಟ್ಟರು. "ಅಳಿಯಂದ್ರೇ, ಒಂದ್ ತೊಟ್ಟು ಎಣ್ಣೆ ಬುಡಬಾರದಾ?"

ಮಾವನವರು ಮಂಡ್ಯ ಕಡೆಯವರು. ಎತ್ತಿನ ಗಾಡಿಯಲ್ಲಿ ಕಬ್ಬು ಹೇರಿಕೊಂಡು ಹೋದವರು. ಅವರ ಪ್ರಕಾರ ಕಿರ್ರ್ ಅನ್ನುವ ಎಲ್ಲ ವಸ್ತುವಿಗೂ ಒಂದೇ ಮದ್ದು, ಕೀಲೆಣ್ಣೆ. ಮಗಳ ಮನೆಗೆ ಬಂದಾಗಲೂ ಒಂದು ಪುಟ್ಟ ಎಣ್ಣೆ ಬಾಟಲಿ ಅವರ ಚೀಲದಲ್ಲಿ ಇದ್ದೇ ಇರುತ್ತದೆ.

ಅಷ್ಟರಲ್ಲಿ ಒಂದು ಗ್ಯಾರೇಜಿನವರು ಕಾರಿನ ಸುತ್ತ ಪ್ರದಕ್ಷಿಣೆ ಹಾಕಿ ಒಂದು ಪಟ್ಟಿ ಕೊಟ್ಟಿದ್ದರು. ಚಕ್ರದ ಜೊತೆ ತಿರುಗುವ ಡಿಸ್ಕು, ಅದನ್ನು ಒತ್ತಿ ನಿಲ್ಲಿಸುವ ಪ್ಯಾಡು, ಪ್ಯಾಡನ್ನು ಹಿಡಿದಿರುವ ಕ್ಯಾಲಿಪರ್ರು, ಜೊತೆಗೆ 'ಇತರೆ'. ಚಕ್ರ ಬಿಚ್ಚಿ ನೋಡಿರಲಿಲ್ಲ, ಆದರೂ 'ಇತರೆ' ಎಷ್ಟಾಗುತ್ತದೆ ಅಂತ ಗೊತ್ತಿತ್ತು! ಆ ಪಟ್ಟಿ ನೋಡಿದ ಗೆಳೆಯ ನಾಣಿ ಕನ್ನಡಕ ಮೇಲೇರಿಸಿದ. ಮೂವತ್ತು ವರ್ಷ ಕಾರ್ಖಾನೆಯಲ್ಲಿ ದುಡಿದವನು ಅವನು. "ಭಾನುವಾರ ಬರ್ತೀನಿ. ಪ್ಯಾಡ್ ತರಿಸಿಟ್ಟಿರು. ಮಿಕ್ಕಿದ್ದು ನನಗೆ ಬಿಡು."

ಇನ್ನೊಬ್ಬ ಗೆಳೆಯ ಸೀನ ಬೆಂಗಳೂರಿಗೆ ಹೋದವನು ಜೆ.ಸಿ. ರಸ್ತೆಯಿಂದ ಮುಂದಿನ ಎರಡೂ ಚಕ್ರಕ್ಕೆ ಒಂದು ಸೆಟ್ ಪ್ಯಾಡ್ ತಂದ. ತಂದದ್ದಕ್ಕೆ ತನ್ನನ್ನೂ ಮೆಕ್ಯಾನಿಕ್ ಅಂತಲೇ ಪರಿಗಣಿಸಬೇಕು ಎಂದು ಹಟ ಹಿಡಿದ. ಬ್ಯಾಂಕಿನಲ್ಲಿದ್ದವನು. ಅವನಿಗೆ ಟಾರ್ಚ್ ಹಿಡಿಯುವ ಖಾತೆ ಕೊಟ್ಟೆವು.

ನಾಣಿ ಮೊದಲು ಹ್ಯಾಂಡ್ ಬ್ರೇಕ್ ಎಳೆಸಿದ. ಹಿಂದಿನ ಚಕ್ರಗಳ ಹಿಂದೆ ಮುಂದೆ ಕಲ್ಲು ಇಡಿಸಿದ. ಕಾರು ನೆಲದ ಮೇಲಿದ್ದಾಗಲೇ ಚಕ್ರದ ನಟ್ಟುಗಳನ್ನು ಅರ್ಧ ಸುತ್ತು ಸಡಿಲ ಮಾಡಿದ. ಜಾಕಿ ಏರಿಸಿದ ಮೇಲೆ ಬಲ ಹಾಕಿದರೆ ಚಕ್ರ ತಿರುಗುತ್ತದೆ, ಕಾರೂ ಅಲ್ಲಾಡುತ್ತದೆ. ಸೀನ ನಾಲ್ಕು ಇಟ್ಟಿಗೆ ತಂದು ಕಾರಿನ ಕೆಳಗೆ ಜೋಡಿಸಲು ಹೊರಟ.

"ಲೋ, ಇಟ್ಟಿಗೆ ಬೇಡ. ಭಾರ ಬಿದ್ರೆ ಪಟ್ ಅಂತ ಒಡೆಯುತ್ತೆ. ಸ್ಟ್ಯಾಂಡ್ ತಂದಿದೀನಿ. ಬಿಚ್ಚಿದ ಚಕ್ರಾನೂ ಪಕ್ಕದಲ್ಲಿ ಕೆಳಗೆ ತಳ್ಳು."

"ಚಕ್ರ ಯಾಕೆ?"

"ಕಾರು ಜಾರಿದ್ರೆ ಅದರ ಮೇಲೆ ಕೂರಲಿ, ನನ್ನ ಮೇಲೆ ಬೇಡ."

ಕೆಳಗಿನ ಬೋಲ್ಟ್ ಒಂದನ್ನೇ ಬಿಚ್ಚಿ ಕ್ಯಾಲಿಪರನ್ನು ಪೆಟ್ಟಿಗೆಯ ಮುಚ್ಚಳದಂತೆ ಮೇಲೆತ್ತಿ ತಂತಿಯಲ್ಲಿ ಕಟ್ಟಿದ. ರಬ್ಬರ್ ಕೊಳವೆಗೆ ಭಾರ ಬೀಳಬಾರದಂತೆ. ಹಳೇ ಪ್ಯಾಡುಗಳು ಕೈಗೆ ಬಂದವು. ಹೊಸದರಲ್ಲಿ ಹೆಚ್ಚೂಕಡಿಮೆ 10 ಮಿಲಿಮೀಟರ್ ದಪ್ಪ ಇರುವ ಸರಕು ಇಲ್ಲಿ ಎರಡಕ್ಕೆ ಇಳಿದಿತ್ತು. ತಿಂದು ಬಿಟ್ಟ ಚಕ್ಕುಲಿ ಚೂರಿನ ಹಾಗೆ. ಪ್ಯಾಡಿನ ಬೆನ್ನಿನ ತುದಿಯಲ್ಲಿ ಉಗುರಿನಷ್ಟು ತಗಡೊಂದು ಬಾಗಿಕೊಂಡಿತ್ತು. ಅದರ ತುದಿ ಮಾತ್ರ ಬೆಳ್ಳಿಯಂತೆ ಹೊಳೆಯುತ್ತಿತ್ತು.

"ನೋಡು, ಇವನೇ ಕಿರುಚುತ್ತಿದ್ದದ್ದು" ಎಂದ ನಾಣಿ. "ಪ್ಯಾಡ್ ಎರಡು ಮೂರು ಮಿಲಿಮೀಟರ್‌ಗೆ ಬಂದಾಗ ಈ ತಗಡು ಡಿಸ್ಕಿಗೆ ತಾಗ್ಲಿ ಅಂತಾನೇ ಇಟ್ಟಿರ್ತಾರೆ. ಬೇಕು ಅಂತಾನೇ ಕಿರುಚುತ್ತೆ. ಪಾಪ, ಎರಡು ತಿಂಗಳಿಂದ ಕರೀತಾ ಇದ್ದಾನೆ. ನೀನು ರೇಡಿಯೋ ಜೋರು ಮಾಡ್ಕೊಂಡು ಓಡಾಡ್ತಿದ್ದೆ."

ನಿಜ, ನಾನು ರೇಡಿಯೋ ಜೋರು ಮಾಡಿದ್ದೆ. ನಾಣಿಗೆ ಹೇಗೆ ಗೊತ್ತಾಯಿತು ಎಂದು ನೋಡಿದರೆ ಬಾಗಿಲ ಬಳಿ ನನ್ನ ಹೆಂಡತಿ ನಗುತ್ತಿದ್ದಳು.

ಸೀನ ಬಗ್ಗಿ ಅಲ್ಲಿದ್ದ ಕಪ್ಪು ಧೂಳನ್ನು ಉಫ್ ಅಂತ ಊದಲು ಹೋದ. ನಾಣಿ ಅವನ ಬಾಯಿಗೇ ಬಟ್ಟೆ ಅಡ್ಡ ಹಿಡಿದ. ಹಿಂದೆಲ್ಲ ಪ್ಯಾಡಿನಲ್ಲಿ ಆಸ್ಬೆಸ್ಟಾಸ್ ಹಾಕುತ್ತಿದ್ದರು, ಶ್ವಾಸಕೋಶಕ್ಕೆ ವಿಷ ಅದು. ಈಗಿನದೂ ಎಳೆದುಕೊಳ್ಳುವ ನಶ್ಯವೇನಲ್ಲ. ಬ್ರೇಕ್ ಕ್ಲೀನರ್ ಸಿಂಪಡಿಸಿ ಒರೆಸಿದೆವು. ಅಲ್ಲಿಂದ ಮಾತು ಇಂಗ್ಲೆಂಡಿಗೆ ಹಾರಿತು. ನಾಣಿಯನ್ನು ಕೆಲಸಕ್ಕೆ ಕರೆದರೆ ಚರಿತ್ರೆ ಉಚಿತ.

"1902ರಲ್ಲೇ ಲ್ಯಾಂಚೆಸ್ಟರ್ ಅನ್ನೋನು ಡಿಸ್ಕ್ ಬ್ರೇಕಿಗೆ ಪೇಟೆಂಟ್ ತಗೊಂಡಿದ್ದ ಕಣೋ. ತಾಮ್ರದ ಪ್ಯಾಡು. ಲೋಹಕ್ಕೆ ಲೋಹ ಉಜ್ಜಿ ಏನು ಅರಚಾಟ! ಆಮೇಲೆ ಹರ್ಬರ್ಟ್ ಫ್ರೂಡ್ ಅನ್ನೋನು ಆಸ್ಬೆಸ್ಟಾಸ್ ಹಾಕಿದ ಮೇಲೆ ಕಿವಿಗೆ ಸ್ವಲ್ಪ ನೆಮ್ಮದಿ. ಆ ಫ್ರೂಡ್‌ಗೆ ಬ್ರೇಕಿನ ಯೋಚನೆ ಬಂದದ್ದೇ, ಗಾಡಿಯವರು ಇಳಿಜಾರಲ್ಲಿ ಚಕ್ರಕ್ಕೆ ಹಳೇ ಬೂಟು ಸಿಕ್ಕಿಸೋದನ್ನ ನೋಡಿ ಅಂತಾರೆ."

"ಬೂಟಾ? ನಮ್ ಕಡೆ ಕಾಲಿಗೇ ಇರ್ಲಿಲ್ಲ, ಚಕ್ರಕ್ಕೆಲ್ಲಿಂದ ತರಾದು?" ಎಂದರು ಮಾವ. ಕೈ ಮಾತ್ರ ಮೆಲ್ಲಗೆ ಚೀಲದೊಳಗೆ ಹೋಗುತ್ತಿತ್ತು. ಬಾಟಲಿ ಅರ್ಧ ಹೊರಗೆ ಬಂದಾಗ ನಾಣಿ ನೋಡಿಬಿಟ್ಟ.

"ಯಜಮಾನ್ರೇ, ದಮ್ಮಯ್ಯ, ಬೇಡಿ! ಗಾಡೀಲಿ ಚಕ್ರ ತಿರುಗ್ಲಿ ಅಂತ ಎಣ್ಣೆ. ಇಲ್ಲಿ ಚಕ್ರ ನಿಲ್ಲಬೇಕು. ಪ್ಯಾಡು ಎಣ್ಣೆ ಕುಡಿದ್ರೆ ಕಾರು ನಿಲ್ಲಲ್ಲ, ಪ್ಯಾಡನ್ನ ಎಸೀಬೇಕಾಗುತ್ತೆ."

"ಅಂಗಾದ್ರೆ ನೀವು ಅದೇನೋ ಬೆಣ್ಣೆ ಬಳೀತಾ ಇದ್ದೀರಲ್ಲ?"

ಪ್ರಶ್ನೆ ಸರಿಯಾಗಿಯೇ ಇತ್ತು. ನಾಣಿ ಬಳಿಯುತ್ತಿದ್ದದ್ದು ಬಿಸಿ ತಡೆಯುವ ಸಿಲಿಕೋನ್ ಗ್ರೀಸ್. ಅದೂ ಪ್ಯಾಡಿನ ಬೆನ್ನಿಗೆ ಮತ್ತು ಕಿವಿಯಂತೆ ಚಾಚಿದ ಎರಡು ತುದಿಗಳಿಗೆ ಮಾತ್ರ, ವಿಭೂತಿ ಎಳೆದಷ್ಟು ತೆಳ್ಳಗೆ. ಡಿಸ್ಕಿಗೆ ತಾಗುವ ಮುಖಕ್ಕೆ ಒಂದು ಚುಕ್ಕೆಯೂ ಇಲ್ಲ. ಕ್ಯಾಲಿಪರ್ ಜಾರುವ ಪಿನ್ನುಗಳಿಗೂ ಅದೇ. ಮಾಮೂಲಿ ಗ್ರೀಸ್ ಹಾಕಿದರೆ ಅಲ್ಲಿನ ರಬ್ಬರ್ ಉಬ್ಬಿ ಪಿನ್ ಹಿಡಿದುಕೊಳ್ಳುತ್ತದೆ. ನಮ್ಮದರಲ್ಲಿ ಒಂದು ಪಿನ್ ಹಾಗೇ ಹಿಡಿದುಕೊಂಡಿತ್ತು. ಒಳಗಿನ ಪ್ಯಾಡ್ ಹೊರಗಿನದಕ್ಕಿಂತ ಜಾಸ್ತಿ ಸವೆದದ್ದು ಅದಕ್ಕೇ.

"ಪ್ಯಾಡು ಹೊಸದಾಗಿದ್ರೂ ಕೆಲವು ಕಾರು ಕಿರುಚುತ್ತವಲ್ಲ?" ಅಂದೆ.

"ಅದು ಪಿಟೀಲಿನ ಕತೆ. ಕಮಾನು ತಂತೀನ ಹಿಡಿಯುತ್ತೆ, ಬಿಡುತ್ತೆ, ಹಿಡಿಯುತ್ತೆ, ಬಿಡುತ್ತೆ. ಪ್ಯಾಡೂ ಡಿಸ್ಕನ್ನ ಹಾಗೇ ಮಾಡಿದ್ರೆ ಡಿಸ್ಕು ಜಾಗಟೆ ಥರ ನಡುಗುತ್ತೆ. ಸೆಕೆಂಡಿಗೆ ಸಾವಿರಾರು ಸಲ. ಜಾಗಟೆ ಮೇಲೆ ಕೈ ಇಟ್ರೆ ಸದ್ದು ನಿಲ್ಲುತ್ತಲ್ವಾ? ಪ್ಯಾಡಿನ ಬೆನ್ನಿಗೆ ಹಾಕೋ ಈ ತೆಳು ತಗಡು, ಶಿಮ್, ಅದೇ ಆ ಕೈ."

"ಏಳು ತಂತಿ ಪಿಟೀಲು ನುಡಿಸಿದ ಚೌಡಯ್ಯನವರ ಸೀಮೇಲಿ ನಿನ್ನದು ಬ್ರೇಕಲ್ಲೇ ಕಛೇರಿ" ಎಂದ ಸೀನ, ನನ್ನ ಕಡೆ ಟಾರ್ಚ್ ಬಿಟ್ಟು.

ಇನ್ನು ಪ್ಯಾಡನ್ನು ಡಿಸ್ಕಿಗೆ ಒತ್ತುವ ಪಿಸ್ಟನ್ನನ್ನು ಕ್ಯಾಲಿಪರ್ ಒಳಗೆ ತಳ್ಳುವುದು. ಹಳೇ ಪ್ಯಾಡ್ ಅಡ್ಡ ಇಟ್ಟು, ಬಡಗಿಯ ಕ್ಲ್ಯಾಂಪಿನಲ್ಲಿ ನಿಧಾನವಾಗಿ ಒತ್ತಬೇಕು. ಒತ್ತಿದಷ್ಟೂ ಬಾನೆಟ್ ಕೆಳಗಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಏರುತ್ತದೆ. ಅದನ್ನು ನೋಡಿಕೊಳ್ಳುವ ಕೆಲಸ ನನ್ನದು. ನಾನು ಬೋಂಡಾ ನೋಡುತ್ತಿದ್ದೆ. ಉಕ್ಕಿದ ಆಯಿಲ್ ಕಾರಿನ ಬಣ್ಣ ತಿನ್ನುತ್ತದೆ ಅಂತ ನಾಣಿ ಕೂಗಿದಾಗ ಒಂದು ಬಕೆಟ್ ನೀರು ಸುರಿದೆ. ಬಣ್ಣ ಉಳಿಯಿತು, ನಾಣಿಯ ಬನಿಯನ್ ಒದ್ದೆಯಾಯಿತು.

ಒಂದು ಕಡೆ ಪೂರ್ತಿ ಮುಗಿಸಿದ ಮೇಲೆಯೇ ಇನ್ನೊಂದು ಕಡೆ. ಎರಡನ್ನೂ ಒಟ್ಟಿಗೆ ಬಿಚ್ಚಿದರೆ ಯಾವುದು ಎಲ್ಲಿತ್ತು ಎಂದು ನೋಡಿಕೊಳ್ಳಲು ಮಾದರಿಯೇ ಇರುವುದಿಲ್ಲ. ಬಲಗಡೆಯದು ಬೇಗ ಆಯಿತು.

ಹೊಟ್ಟೆ ಹಸಿದಿತ್ತು. ನಾನು ಉತ್ಸಾಹದಲ್ಲಿ ಕಾರು ಚಾಲೂ ಮಾಡಿ ರಿವರ್ಸ್ ಹಾಕಿದೆ. ಬ್ರೇಕ್ ಒತ್ತಿದೆ. ಕಾಲು ನೆಲಕ್ಕೇ ಹೋಯಿತು! ಒಳಗೆ ತಳ್ಳಿದ ಪಿಸ್ಟನ್ ಇನ್ನೂ ಪ್ಯಾಡನ್ನು ಮುಟ್ಟಿರಲಿಲ್ಲ. ಪೆಡಲನ್ನು ಹತ್ತು ಸಲ ಒತ್ತಿ ಗಟ್ಟಿ ಮಾಡಿಕೊಂಡೇ ಗಾಡಿ ತೆಗೀಬೇಕು ಎಂದು ನಾಣಿ ಹೇಳಿದ್ದನಂತೆ. ಆ ಹೊತ್ತಿಗೂ ನಾನು ಬೋಂಡಾದ ಹತ್ತಿರವೇ ಇದ್ದೆ. ಪಕ್ಕದ ಸೀಟಿನಲ್ಲಿದ್ದ ನಾಣಿ ಹ್ಯಾಂಡ್ ಬ್ರೇಕ್ ಎಳೆದ. ತುಳಸಿಕಟ್ಟೆಗೆ ಒಂದು ಗೇಣು ಉಳಿದಿತ್ತು. ಮಾವ ಕುರ್ಚಿ ಸಮೇತ ಹಿಂದೆ ಸರಿದಿದ್ದರು. ಅವರ ವಯಸ್ಸಿಗೆ ಆ ವೇಗ ಮೆಚ್ಚಬೇಕಾದ್ದೇ. ಬ್ರೇಕಿನ ವಿಷಯದಲ್ಲಿ ಉತ್ಸಾಹ ಒಳ್ಳೆಯದಲ್ಲ. ಕೈಗೆ ನಂಬಿಕೆ ಇಲ್ಲದವರು ಮೆಕ್ಯಾನಿಕ್ಕನ್ನು ಮನೆಗೆ ಕರೆದು ಎದುರಿಗೇ ನಿಂತು ಮಾಡಿಸಿಕೊಳ್ಳಲಿ.

ಪೆಡಲ್ ಗಟ್ಟಿಯಾದ ಮೇಲೆ ರಿಂಗ್ ರಸ್ತೆಗೆ ಹೋದೆವು. 60 ಕಿಲೋಮೀಟರ್ ವೇಗದಿಂದ 20ಕ್ಕೆ ಇಳಿಸು, ಪೂರ್ತಿ ನಿಲ್ಲಿಸಬೇಡ, ಮತ್ತೆ ಏರಿಸು. ಹೀಗೆ ಎಂಟು ಹತ್ತು ಸಲ. ಹೊಸ ಪ್ಯಾಡಿಗೂ ಡಿಸ್ಕಿಗೂ ಹೊಂದಾಣಿಕೆ ಆಗಬೇಕಂತೆ. ಹಿಂದೆ ರಸ್ತೆ ಖಾಲಿ ಇದ್ದಾಗ ಮಾಡಬೇಕು ಅನ್ನುವುದು ನಮಗೆ ಒಬ್ಬ ಬೈಕಿನವನ ಬೈಗುಳದಿಂದ ತಿಳಿಯಿತು.

ಆರನೇ ಸಲಕ್ಕೆ ಎಡಗಡೆಯಿಂದ ಸಣ್ಣಗೆ ಕುಂಯ್ ಅಂತು. ನಾಣಿಯ ಮುಖ ಬಾಡಿತು. ಸ್ವಲ್ಪ ಹೊತ್ತು ಆರಲು ಬಿಟ್ಟು, ಮನೆಗೆ ಬಂದು ಮತ್ತೆ ಬಿಚ್ಚಿದೆವು. ಒಂದು ಪ್ಯಾಡಿನ ಬೆನ್ನಿಗೆ ಶಿಮ್ಮೇ ಇಲ್ಲ! ಜಗಲಿ, ಪೊರಕೆ, ಸೀನನ ಜೇಬು, ಎಲ್ಲ ಹುಡುಕಿದೆವು. ಕೊನೆಗೆ ಸಿಕ್ಕಿದ್ದು ಬೋಂಡಾ ತಟ್ಟೆಯ ಕೆಳಗೆ. ತಟ್ಟೆ ಅಲ್ಲಾಡುತ್ತಿತ್ತು ಅಂತ ಸೀನ ಒಂದು ತಗಡನ್ನು ಅಡಿಗೆ ಕೊಟ್ಟಿದ್ದನಂತೆ.

"ತಟ್ಟೆ ಸದ್ದು ಮಾಡಲಿಲ್ಲ ತಾನೇ?" ಎಂದ, ಏನೂ ಆಗದವನ ಹಾಗೆ.

ತಗಡು ತೊಳೆದು ಒರೆಸಿ ಹಾಕಿದೆವು. ಮತ್ತೆ ಒಂದು ಸುತ್ತು. ತಿರುವು, ಹಂಪು, ಸಿಗ್ನಲ್ಲು, ಎಲ್ಲೂ ಸದ್ದಿಲ್ಲ. ಹೂವಿನವಳು ಬುಟ್ಟಿ ಎಳೆದುಕೊಳ್ಳಲಿಲ್ಲ. ನಾಯಿ ಮಲಗೇ ಇತ್ತು. ಮನೆ ಮುಂದೆ ಮೆತ್ತಗೆ ಬ್ರೇಕ್ ಹಾಕಿದೆ.

ಕಿರ್ರ್ ರ್ ರ್...

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾಣಿ ಕಿಟಕಿಯಿಂದ ತಲೆ ಹೊರಗೆ ಹಾಕಿದ. ನನ್ನ ಹೆಂಡತಿ ಗೇಟು ತೆಗೆಯುತ್ತಿದ್ದಳು. ಇಷ್ಟು ದಿನ ಕಾರಿನ ಗಲಾಟೆಯಲ್ಲಿ ಗೇಟಿನ ಸ್ವರ ಯಾರಿಗೂ ಕೇಳಿಸಿರಲಿಲ್ಲ.

ಮಾವ ಎದ್ದು ಬಂದರು. ಬಾಟಲಿಯ ಬಿರಡೆ ತೆಗೆದು ಎರಡು ಕೀಲಿಗೂ ಎರಡೆರಡು ತೊಟ್ಟು ಬಿಟ್ಟರು. ಗೇಟನ್ನು ಮುಚ್ಚಿ ತೆಗೆದು ತೋರಿಸಿದರು. ಗಪ್ ಚಿಪ್.

"ಬೆಳಗಿಂದ ಬಡ್ಕೋತಾ ಇವ್ನಿ" ಎಂದು ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು ಊಟಕ್ಕೆ ನಡೆದರು.